ಹಲವು ಮಾಡ್ಯೂಲ್‌ಗಳ ಜಾವಾ ಯೋಜನೆಗೆ ಮೇವನ್ ಸೂಕ್ತವೇ, ಗ್ರೇಡಲ್ ಸೂಕ್ತವೇ?

ಪ್ರಶ್ನೆ: ಹಲವು ಮಾಡ್ಯೂಲ್‌ಗಳಿರುವ ಜಾವಾ ಯೋಜನೆಯೊಂದನ್ನು ಹೊಸದಾಗಿ ಆರಂಭಿಸುತ್ತಿದ್ದೇವೆ. ಬಿಲ್ಡ್ (ಕೋಡನ್ನು ಕಂಪೈಲ್ ಮಾಡಿ ಬಳಕೆಗೆ ಸಿದ್ಧಗೊಳಿಸುವುದು) ಹಾಗೂ ಲೈಬ್ರರಿಗಳ ನಿರ್ವಹಣೆಗೆ ಮೇವನ್, ಗ್ರೇಡಲ್ ಎಂಬ ಎರಡು ಸಾಧನಗಳಲ್ಲಿ ಯಾವುದನ್ನು ಆರಿಸಬೇಕು?

ಉತ್ತರ 1: ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದಾಗ ಮೇವನ್, ಅವಲಂಬನೆಯ ಮರದಲ್ಲಿ (ಯಾವ ಲೈಬ್ರರಿ ಯಾವುದನ್ನು ಬಳಸುತ್ತದೆ ಎಂಬ ಕವಲು ಪಟ್ಟಿಯಲ್ಲಿ) ನಮ್ಮ ಯೋಜನೆಗೆ ಹತ್ತಿರವಿರುವುದನ್ನು, ಅದು ಹಳೆಯದಾದರೂ ಸರಿ, ಆರಿಸುತ್ತದೆ, ಗ್ರೇಡಲ್ ಸಾಮಾನ್ಯವಾಗಿ ಹೆಚ್ಚಿನ ಆವೃತ್ತಿಯನ್ನೇ ತೆಗೆದುಕೊಳ್ಳುತ್ತದೆ. ಕಂಪೈಲ್ ಸುಗಮವಾಗಿ ಮುಗಿದು, ರನ್ ಆಗುವಾಗ ‘ನೋ ಸಚ್ ಮೆಥಡ್ ಎರರ್’ (ಕರೆದ ಮೆಥಡ್ ಸಿಗಲಿಲ್ಲ ಎಂಬ ದೋಷ) ಕಾಣಿಸಿಕೊಂಡರೆ, ಹೊಂದದ ಆವೃತ್ತಿ ಆಯ್ಕೆಯಾಗಿರಬಹುದು, ಮೊದಲು ಆ ಮರವನ್ನೇ ಮುದ್ರಿಸಿ ನೋಡಿ. ವೇಗಕ್ಕಿಂತ ಈ ವ್ಯತ್ಯಾಸವೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಉತ್ತರ 2: ವೇಗವನ್ನು ಅಷ್ಟು ಸುಲಭವಾಗಿ ಬದಿಗಿಡಲಾಗದು. ಬದಲಾಗದ ಭಾಗಗಳ ಕೆಲಸವನ್ನು ಗ್ರೇಡಲ್ ಮತ್ತೆ ಮಾಡುವುದಿಲ್ಲವಾದ್ದರಿಂದ ಮಾಡ್ಯೂಲ್‌ಗಳು ಹೆಚ್ಚಿದಂತೆ ಲಾಭ ಎದ್ದು ಕಾಣುತ್ತದೆ. ಆದರೆ ಅದರ ಬಿಲ್ಡ್ ಕಡತವೇ ಒಂದು ಪ್ರೋಗ್ರಾಂ. ಶಿಸ್ತಿಲ್ಲದ ತಂಡದಲ್ಲಿ ಯಾರಿಗೂ ಅರ್ಥವಾಗದಂತೆ ಬೆಳೆದುಬಿಡುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ತಂಡದಲ್ಲಿ ಹೆಚ್ಚಿನವರು ಹೊಸಬರಾದ್ದರಿಂದ ಮೇವನ್ ಆರಿಸಿ, ಆವೃತ್ತಿಗಳನ್ನೆಲ್ಲ ಪೇರೆಂಟ್ ಪಾಮ್ ಕಡತದಲ್ಲೇ (ಮಾಡ್ಯೂಲ್‌ಗಳೆಲ್ಲ ಹಂಚಿಕೊಳ್ಳುವ ಮೇವನ್ ಸಂರಚನಾ ಕಡತ) ನಿಗದಿಪಡಿಸುತ್ತೇವೆ.