ದೊಡ್ಡಪ್ಪನ ಮ್ಯೂಸಿಕ್ ಬಾಕ್ಸ್: ಕೀ ಪೂರ್ತಿ ಇದೆ, ಉರುಳೆ ತಿರುಗುತ್ತಿಲ್ಲ

ಪ್ರಶ್ನೆ
ನಮಸ್ಕಾರ. ದೊಡ್ಡಪ್ಪ ನಲವತ್ತು ವರ್ಷ ಕೂಡಿಹಾಕಿದ ಯಂತ್ರಗಳು ಈಗ ನನ್ನ ಪಾಲಿಗೆ ಬಂದಿವೆ. ತುತ್ತೂರಿಯ ಗ್ರಾಮಫೋನು ಎರಡು, ಪ್ಲೇಟಿನ ಬದಲು ಕೊಳವೆಯಾಕಾರದ ರೆಕಾರ್ಡು (ಸಿಲಿಂಡರ್) ಹಾಕುವ ಎಡಿಸನ್ ಫೋನೋಗ್ರಾಫ್ ಒಂದು, ಹಿತ್ತಾಳೆ ಉರುಳೆಯ ಮ್ಯೂಸಿಕ್ ಬಾಕ್ಸ್ ಒಂದು. ಮ್ಯೂಸಿಕ್ ಬಾಕ್ಸಿಗೆ ಪೂರ್ತಿ ಕೀ ಕೊಟ್ಟಿದೆ, ಆದರೂ ಉರುಳೆ ಅಲ್ಲಾಡುತ್ತಿಲ್ಲ. ಪಕ್ಕದ ಪುಟ್ಟ ರೆಕ್ಕೆಯ ಸ್ಕ್ರೂ ಬಿಚ್ಚಿ ಎಣ್ಣೆ ಬಿಡಲೇ? ಇನ್ನೊಂದು: ಫೋನೋಗ್ರಾಫಿನಲ್ಲಿ ಕಪ್ಪು ಸಿಲಿಂಡರುಗಳು ಸರಿಯಾಗಿ ಹಾಡುತ್ತವೆ, ನೀಲಿಯವು ಹಾಡು ಹಾರಿಸಿಕೊಂಡು ಓಡುತ್ತವೆ.

ಉತ್ತರ 1
ಆ ಸ್ಕ್ರೂ ಮುಟ್ಟಬೇಡಿ, ದಯವಿಟ್ಟು. ಸ್ಪ್ರಿಂಗಿನ ಅಷ್ಟೂ ಬಲವನ್ನು ತಡೆದು ಹಿಡಿದಿರುವುದು ಆ ರೆಕ್ಕೆ ಮತ್ತು ಅದರ ಕೆಳಗಿನ ಸುರುಳಿ ಕಡ್ಡಿ. ಅದು ಸಡಿಲವಾದರೆ ಉರುಳೆ ಕೆಲವೇ ಕ್ಷಣಗಳಲ್ಲಿ ಗಿರ್ರನೆ ತಿರುಗಿ, ಅದರ ಮೇಲಿನ ಮೊಳೆಗಳು ಬಾಗಿ, ಅವು ಮೀಟಿ ನಾದ ಹೊರಡಿಸುವ ಉಕ್ಕಿನ ಹಣಿಗೆಯ ಹಲ್ಲುಗಳು ಪಟಪಟ ಮುರಿಯುತ್ತವೆ. ನನ್ನ ಮೊದಲ ಪೆಟ್ಟಿಗೆ ಹೋದದ್ದು ಹಾಗೆಯೇ. ಹದಿನೇಳು ಹಲ್ಲು. ಮೇಜಿನ ಕೆಳಗೆ ಮಂಡಿಯೂರಿ ಒಂದೊಂದನ್ನೇ ಆರಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಹಲ್ಲುಗಳ ತುದಿ ಮೊಳೆಗಳ ಮೇಲೆ ಎತ್ತಿಕೊಂಡು ನಿಂತಿದ್ದರೆ ಹಾಡಿನ ನಡುವೆ ನಿಂತಿದೆ ಎಂದರ್ಥ. ಆ ಸ್ಥಿತಿಯಲ್ಲಿ ಗಾಡಿಯಲ್ಲಿ ಸಾಗಿಸಲೇಬೇಡಿ, ಬಲ್ಲವರನ್ನೇ ಮನೆಗೆ ಕರೆಸಿ. ಅವರು ಮೊದಲು ಸ್ಪ್ರಿಂಗಿನ ಬಿಗಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಮಿಕ್ಕ ಕೆಲಸವೆಲ್ಲ ಆಮೇಲೆ.

ಉತ್ತರ 2
ನೀಲಿಯವು ಬ್ಲೂ ಆಂಬರಾಲ್, 1912ರಿಂದ ಬಂದವು. ಹಳೆಯ ಸಿಲಿಂಡರಿನಲ್ಲಿ ಅಂಗುಲಕ್ಕೆ 100 ಗೆರೆ, ಸುಮಾರು ಎರಡು ನಿಮಿಷದ ಹಾಡು. ಇವುಗಳಲ್ಲಿ 200 ಗೆರೆ, ನಾಲ್ಕು ನಿಮಿಷ. ಎರಡೂ ತಿರುಗುವುದು ನಿಮಿಷಕ್ಕೆ 160 ಸುತ್ತೇ. ನಿಮ್ಮ ಯಂತ್ರ ಎರಡು ನಿಮಿಷದ್ದು, ಮುಳ್ಳನ್ನು ದುಪ್ಪಟ್ಟು ವೇಗದಲ್ಲಿ ಮುಂದೆ ತಳ್ಳುತ್ತಿದೆ, ಅದಕ್ಕೇ ಹಾರುತ್ತಿದೆ. ಆ ಯಂತ್ರದಲ್ಲಿ ನೀಲಿಯವನ್ನು ಇನ್ನು ಹಾಕಬೇಡಿ.

ಕಪ್ಪಿನಲ್ಲೂ ಎಚ್ಚರ ಬೇಕು. 1908ರಲ್ಲಿ ಬಂದ ನಾಲ್ಕು ನಿಮಿಷದ ಆಂಬರಾಲ್ ಕೂಡ ಕಪ್ಪು, ಆದರೆ ಮೇಣದ್ದು. ವಜ್ರದ ಮುಳ್ಳು ತಾಗಿದರೆ ಅದರ ಗೆರೆಯೇ ಕಿತ್ತುಹೋಗುತ್ತದೆ. ನೀಲಿಯದರ ಒಳಗಿರುವುದು ಪ್ಲಾಸ್ಟರ್. ತೇವಕ್ಕೆ ಉಬ್ಬಿದ್ದರೆ ಯಂತ್ರದ ದಿಂಡಿಗೆ ಒತ್ತಿ ತೂರಿಸಬೇಡಿ, ಸೀಳುತ್ತದೆ. ಎತ್ತುವಾಗ ಎರಡು ಬೆರಳನ್ನು ಒಳಗೆ ಹಾಕಿ ಅಗಲಿಸಿ ಹಿಡಿಯಿರಿ, ಹೊರಮೈ ಮುಟ್ಟಬಾರದು.

ಉತ್ತರ 3
ಗ್ರಾಮಫೋನಿನ ಉಕ್ಕಿನ ಮುಳ್ಳು ಒಂದು ಬದಿಗೆ ಒಂದೇ. ಉಳಿಸಲು ಹೋದರೆ ಪ್ಲೇಟು ಸವೆಯುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ
ಎಲ್ಲರಿಗೂ ಧನ್ಯವಾದ. ಒಬ್ಬರು ಬಂದು ಸ್ಪ್ರಿಂಗ್ ಇಳಿಸಿ, ರೆಕ್ಕೆಯ ಬುಡ ಬಿಚ್ಚಿದರು. ಹಳೆಯ ಎಣ್ಣೆ ಅಂಟಿನಂತೆ ಗಟ್ಟಿಯಾಗಿತ್ತು, ಅಷ್ಟೇ. ಹಲ್ಲು ಒಂದೂ ಹೋಗಿಲ್ಲ. ಒಂದೊಂದು ಹಾಡು ಮುಗಿದಾಗಲೂ ಉರುಳೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು, ಬೇರೆ ಮೊಳೆಗಳನ್ನು ಹಲ್ಲಿನ ಕೆಳಗೆ ತರುವುದನ್ನು ಎಷ್ಟು ಸಲ ನೋಡಿದರೂ ಸಾಕಾಗುತ್ತಿಲ್ಲ. ಎಂಟು ಹಾಡುಗಳಿವೆ. ಮೂರನೆಯದು, ದೊಡ್ಡಪ್ಪ ಕೆಲಸ ಮಾಡುತ್ತಾ ಯಾವಾಗಲೂ ಸಿಳ್ಳೆ ಹಾಕುತ್ತಿದ್ದರಲ್ಲ, ಅದೇ.