ಶಬ್ಬಾತ್ ದಿನ ಮನೆಯ ನಾಯಿ, ಬೆಕ್ಕು, ಗಿಳಿ: ಏನು ಮಾಡಬಹುದು, ಏನು ಕೂಡದು?

ಪ್ರಶ್ನೆ (ಇಸ್ರೇಲ್‌ನ ನೆತನ್ಯಾದಿಂದ):
ವಯಸ್ಸಾದ ಯಹೂದಿ ಅಮ್ಮನೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ನಾಯಿ, ಬೆಕ್ಕು, ಪಂಜರದಲ್ಲಿ ಗಿಳಿ ಇವೆ. ಯಹೂದಿಗಳ ವಿಶ್ರಾಂತಿಯ ದಿನವಾದ ಶಬ್ಬಾತ್‌ನಲ್ಲಿ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ, ಅಮ್ಮ ಬೆಕ್ಕನ್ನು ಎತ್ತಿಕೊಳ್ಳುವುದೇ ಇಲ್ಲ, ಆದರೆ ಊಟ ಹಾಕುತ್ತಾರೆ. ನಿಯಮ ಏನು? ನಾನು ಯಾವುದನ್ನು ಮಾಡಬಹುದು? ಇಲ್ಲಿ ಕೆಲಸ ಮಾಡುವ ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಗೊತ್ತಿದ್ದರೆ ತಿಳಿಸಿ.

ಬ್ನೇ ಬ್ರಾಕ್‌ನಿಂದ:
ಎತ್ತದಿರುವುದಕ್ಕೆ ಕಾರಣ ‘ಮುಕ್ತ್ಸೆ’. ಶಬ್ಬಾತ್ ದಿನದ ಬಳಕೆಗೆ ಅಲ್ಲದ ವಸ್ತುಗಳನ್ನು ಆ ದಿನ ಕೈಯಿಂದ ಎತ್ತಿ ಜರುಗಿಸುವಂತಿಲ್ಲ. 16ನೇ ಶತಮಾನದ ಯಹೂದಿ ಧರ್ಮಶಾಸ್ತ್ರ ಗ್ರಂಥ ಶುಲ್ಹಾನ್ ಅರೂಖ್ ಪ್ರಾಣಿಗಳನ್ನೂ ಅದರಲ್ಲೇ ಸೇರಿಸಿದೆ (ಓರಹ್ ಹಯೀಮ್ ಎಂಬ ಭಾಗ, 308:39). ಸಾಕುಪ್ರಾಣಿಗೆ ಸಡಿಲ ಕೊಡುವ ರಬ್ಬಿಗಳೂ (ಧರ್ಮಗುರುಗಳು) ಇದ್ದಾರೆ, ಆದರೆ ನಿಮ್ಮ ಅಮ್ಮ ಹಿಡಿದಿರುವುದು ಬಿಗಿಯಾದ ದಾರಿ. ಮುಟ್ಟುವುದಕ್ಕೆ ಅಡ್ಡಿಯಿಲ್ಲ: ಪಕ್ಕದಲ್ಲಿ ಬಂದು ಕೂತ ಬೆಕ್ಕಿನ ತಲೆ ಸವರಬಹುದು. ಬಾಚಣಿಗೆ ಮಾತ್ರ ಬೇಡವೇ ಬೇಡ. ಕೂದಲು ಕಿತ್ತು ಬಂದರೆ ಅದು ಉಣ್ಣೆ ಕತ್ತರಿಸುವ ಕೆಲಸದ ಲೆಕ್ಕ, 39 ನಿಷಿದ್ಧ ಕೆಲಸಗಳಲ್ಲಿ ಒಂದು.

ಸೋಫಾದಿಂದ ಇಳಿಸಬೇಕಾದರೆ ಕರೆದು ಇಳಿಸಲಿ, ಇಲ್ಲವೇ ನೆಲದಲ್ಲಿ ತಿಂಡಿ ಇಟ್ಟು ಬರುವಂತೆ ಮಾಡಲಿ. ಪ್ರಾಣಿ ನರಳುತ್ತಿದ್ದರೆ ಮಾತು ಬೇರೆ. ನೀರಿಗೆ ಬಿದ್ದ ಪ್ರಾಣಿ ಹತ್ತಿ ಬರಲೆಂದು ಅದರಡಿಗೆ ದಿಂಬು, ಹಾಸಿಗೆ ತುರುಕಬಹುದು ಎಂದು ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮೂದ್ (ಶಬ್ಬಾತ್ ಎಂಬ ಭಾಗ, 128ಬಿ) ಹೇಳುತ್ತದೆ. ಪ್ರಾಣಿಗೆ ನೋವಾಗಬಾರದು ಎನ್ನುವ ಕಟ್ಟಳೆ ಈ ಕಾನೂನಿನೊಳಗೇ ಇದೆ, ಹೊರಗಿನಿಂದ ಸೇರಿಸಿದ್ದಲ್ಲ. ದಯವಿಟ್ಟು ಅದನ್ನು ಮರೆಯಬೇಡಿ.

ಯೆರೂಸಲೇಮ್‌ನಿಂದ:
ಊಟದ ವಿಷಯ. ನಮ್ಮನ್ನೇ ನಂಬಿರುವ ಪ್ರಾಣಿಗೆ ಹಾಕಲೇಬೇಕು, ಅದೂ ತಾವು ಉಣ್ಣುವ ಮೊದಲು (ತಾಲ್ಮೂದ್, ಬೆರಾಖೋತ್ 40ಎ). ಬೀದಿ ನಾಯಿಗೆ ಹಾಕುವುದಕ್ಕೂ ಒಪ್ಪಿಗೆ ಇದೆ. ತಾನೇ ಮೇವು ಹುಡುಕಿಕೊಳ್ಳುವ ಪಾರಿವಾಳಕ್ಕೆ ಹಾಕಲು ಒಪ್ಪುವುದಿಲ್ಲ.

ಎಲ್ಲರೂ ಎಡವುವುದು ಅಳತೆಯಲ್ಲಿ. ಡಾಕ್ಟರು 80 ಗ್ರಾಂ ಕೊಡಿ ಅಂದಿದ್ದರೆ ಅಮ್ಮ ಅಂದು ತಕ್ಕಡಿಯಲ್ಲಿ ತೂಗುವಂತಿಲ್ಲ. ಬಟ್ಟಲಿಗೆ ಕಣ್ಣಂದಾಜಿನಲ್ಲಿ ಸುರಿಯಬಹುದು (ಶುಲ್ಹಾನ್ ಅರೂಖ್‌ನ ಅದೇ ಭಾಗ, 324:2). ತೂಕ ತಪ್ಪಬಾರದ ಪ್ರಾಣಿಯಾದರೆ ಶುಕ್ರವಾರ ಮಧ್ಯಾಹ್ನವೇ ಒಂದೊಂದು ಹೊತ್ತಿನದನ್ನು ಬೇರೆ ಬೇರೆ ಡಬ್ಬಿಗೆ ಹಾಕಿಡಿ. ತಗಡಿನ ಡಬ್ಬಿ ಒಡೆಯುವುದು ವಿವಾದದ ಸಂಗತಿ. ಅದನ್ನೂ ಮೊದಲೇ ಒಡೆದು ಫ್ರಿಜ್‌ನಲ್ಲಿಡಿ. ಟೈಮರ್ ಇರುವ ಫೀಡರ್ ಮುಂಚೆಯೇ ಹೊಂದಿಸಿಟ್ಟರೆ ತೊಂದರೆಯಿಲ್ಲ. ಹತ್ತಿರ ಹೋದರೆ ಸೆನ್ಸರ್‌ನಿಂದ ತೆರೆದುಕೊಳ್ಳುವ ಬಾಗಿಲು, ಹೊತ್ತುವ ದೀಪ ಇದ್ದರೆ ಆರಿಸಿಬಿಡಿ.

ಹೋಲೋನ್‌ನಿಂದ:
ನಾಯಿಯನ್ನು ಹೊರಗೆ ಕರೆದೊಯ್ಯುವುದಕ್ಕೆ ತಡೆಯಿಲ್ಲ. ಹಗ್ಗದ ಲೆಕ್ಕ ಮಾತ್ರ ಸೂಕ್ಷ್ಮ. ಹಿಡಿದ ಮುಷ್ಟಿಯಿಂದ ಹೊರಗೆ ಜೋತಾಡುವ ತುದಿ ಒಂದು ತೆಫಾಹ್, ಅಂದರೆ ನಾಲ್ಕು ಬೆರಳಗಲ, ಸುಮಾರು 8ರಿಂದ 10 ಸೆಂ.ಮೀ.ನಷ್ಟು ಉದ್ದ ಇರಬಾರದು. ಕೈಗೂ ಕೊರಳಿಗೂ ನಡುವಿನ ಭಾಗ ಜಗ್ಗಿ ನೆಲದಿಂದ ಒಂದು ತೆಫಾಹ್‌ನಷ್ಟು ಹತ್ತಿರ ಬರಬಾರದು (305:16). ಹಾಗಾದರೆ ಅದು ನಾಯಿಯನ್ನು ಹಿಡಿದ ಹಗ್ಗವಲ್ಲ, ಮನುಷ್ಯ ಹೊತ್ತು ಒಯ್ಯುವ ಹಗ್ಗ ಎಂದು ಕಾಣುತ್ತದೆ. ಉಳಿದದ್ದನ್ನು ಮುಷ್ಟಿಯೊಳಗೆ ಸುತ್ತಿಕೊಂಡು, ಸಡಿಲ ಬಿಡದೆ ನಡೆದರೆ ಸಾಕು. ಕೊಕ್ಕೆ ಸಿಕ್ಕಿಸುವ ಹಗ್ಗ ಒಳ್ಳೆಯದು, ಗಂಟು ಹಾಕಬಹುದೇ ಎನ್ನುವ ಪ್ರಶ್ನೆಯೇ ಬರುವುದಿಲ್ಲ.

ನೀವು ಹಿಡಿದರೂ ನಾಯಿ ಯಹೂದಿಯದು. ಅವರ ಪ್ರಾಣಿಯೂ ಆ ದಿನ ಕೆಲಸ ಮಾಡಬಾರದು ಎನ್ನುವುದು ಹತ್ತು ಆಜ್ಞೆಗಳಲ್ಲೇ ಇದೆ, ಹೊರೆ ಹೊರುವುದೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಗಂಟೆ ಬಿಚ್ಚಿಡಿ. ಅಂದಕ್ಕೆ ತೊಡಿಸುವ ಅಂಗಿ ಬೇಡ. ಕಡಿಮೆ ಕೂದಲಿನ ನಾಯಿಗೆ ಚಳಿ ತಡೆಯುವ ಕೋಟು ಪರವಾಗಿಲ್ಲ. ಹೆಸರಿನ ಬಿಲ್ಲೆಯ ಬಗ್ಗೆ ಎರುವ್ ಇಲ್ಲದ ಕಡೆ ಭಿನ್ನಾಭಿಪ್ರಾಯ ಇದೆ. ಎರುವ್ ಅಂದರೆ ಊರ ಸುತ್ತ ತಂತಿ ಕಟ್ಟಿ ಮಾಡಿದ ಗಡಿ, ಅದರೊಳಗೆ ಸಾಮಾನು ಹೊತ್ತು ನಡೆಯಬಹುದು. ಇಸ್ರೇಲ್‌ನ ಹೆಚ್ಚಿನ ಪಟ್ಟಣಗಳಲ್ಲಿ ಇದೆ. ಗಾಳಿಮಳೆಗೆ ಹರಿದಿರಬಹುದು, ಶುಕ್ರವಾರ ವಿಚಾರಿಸಿ. ಹೇಲು ಎತ್ತುವ ಚೀಲಗಳನ್ನು ಸುರುಳಿಯಿಂದ ಮೊದಲೇ ಹರಿದಿಡಿ, ಆ ದಿನ ಅಮ್ಮ ಅವನ್ನು ಹರಿಯುವಂತಿಲ್ಲ.

ಬೇರ್ ಶೇವಾದಿಂದ:
ಗಿಳಿಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಬೇಟೆ ಹಿಡಿಯುವುದೂ ಆ 39ರಲ್ಲಿ ಒಂದು. ಪಂಜರದ ಬಾಗಿಲು ತೆರೆದು ಮತ್ತೆ ಮುಚ್ಚಿದರೆ ಹೊಸದಾಗಿ ಹಿಡಿದಂತಾಗಬಹುದು. ಕೈ ಹಾಕುವಾಗ ಹಕ್ಕಿ ಹೊರಬರಲು ಜಾಗವೇ ಇಲ್ಲದಂತೆ ಕೈಯಿಂದಲೇ ಅಡ್ಡಗಟ್ಟಬೇಕು. ಹೊರಗಿನಿಂದ ತಳ್ಳುವ ಕಾಳಿನ ಬಟ್ಟಲು, ನೀರಿನ ಕೊಳವೆ ಹಾಕಿಸಿದರೆ ಎಲ್ಲಕ್ಕಿಂತ ಸುಲಭ. ಹಾರಿ ಹೊರಬಂದ ಹಕ್ಕಿಯನ್ನು ಅಮ್ಮ ಹಿಡಿಯಲು ಹೋಗಬಾರದು. ಕರೆದರೆ ಬರುವ ನಾಯಿಗೆ ಈ ಚಿಂತೆಯಿಲ್ಲ. ಬೆಕ್ಕಿನ ವಿಷಯದಲ್ಲಿ ಅಷ್ಕೆನಾಜಿಗಳ (ಯುರೋಪ್ ಮೂಲದ ಯಹೂದಿಗಳ) ಪ್ರಮುಖ ರಬ್ಬಿ ರೆಮಾ ಬಿಗಿ ಮಾಡಿದ್ದಾರೆ, ಹಿಡಿಯಬಾರದು ಎನ್ನುತ್ತಾರೆ (316:12).

ಬೆಕ್ಕಿನ ಮರಳಿನ ತಟ್ಟೆಯಿಂದ ಗಡ್ಡೆಗಳನ್ನಷ್ಟೇ ಸೌಟಿನಲ್ಲಿ ಬೇರ್ಪಡಿಸುವುದು ‘ಆರಿಸುವ’ ಕೆಲಸ, ಅಮ್ಮನಿಗೆ ನಿಷಿದ್ಧ. ಪ್ಲಾಸ್ಟಿಕ್ ಹಾಳೆ ಹಾಸಿ ಮರಳು ತುಂಬಿಟ್ಟರೆ ಹಾಳೆ ಸಮೇತ ಎತ್ತಿ ಎಸೆಯಬಹುದು. ಅಸಹ್ಯ ಹುಟ್ಟಿಸುವ ಕೊಳಕನ್ನು, ಮುಕ್ತ್ಸೆ ಆದರೂ, ತೆಗೆಯಲು ಅನುಮತಿ ಇದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಬೆಕ್ಕಿಗೆ ಶನಿವಾರ ಬೆಳಿಗ್ಗೆ ಮಾತ್ರೆ ಇದೆ, ಅದಕ್ಕೇನು? ಜೋರಾಗಿ ಕಾಯಿಲೆ ಬಿದ್ದರೆ?

ಯೆರೂಸಲೇಮ್‌ನಿಂದ:
ಮಾತ್ರೆಯನ್ನು ಇಡಿಯಾಗಿ ಮೆತ್ತಗಿನ ತಿನಿಸಿನಲ್ಲಿ ಹುದುಗಿಸಿ ಅಮ್ಮನೇ ಕೊಡಬಹುದು. ಪುಡಿ ಮಾಡುವಂತಿಲ್ಲ, ಅದು ಅರೆಯುವ ಕೆಲಸ. ಪುಡಿಯೇ ಬೇಕಾದರೆ ಶುಕ್ರವಾರ ಮಾಡಿಡಿ.

ಶಬ್ಬಾತ್ ಮೀರಿ ಜೀವ ಉಳಿಸು ಎನ್ನುವ ನಿಯಮ ಮನುಷ್ಯರಿಗೆ ಮಾತ್ರ, ಆದ್ದರಿಂದ ಪ್ರಾಣಿಗಾಗಿ ಅಮ್ಮ ಫೋನ್ ಮಾಡಲಾರರು, ಕಾರು ಹತ್ತಲಾರರು. ನಿಮಗೆ ಆ ಕಟ್ಟುಪಾಡಿಲ್ಲ. ಸಾಮಾನ್ಯ ದಿನದಂತೆ ಅವರು ನಿಮಗೆ ಕೆಲಸ ಹೇಳುವುದಕ್ಕೂ ರಬ್ಬಿಗಳ ತಡೆಯಿದೆ, ಆದರೆ ಪ್ರಾಣಿ ನರಳುವಾಗ ಅದು ಸಡಿಲ. ಹಸುವಿನ ಕೆಚ್ಚಲು ತುಂಬಿ ನೋಯುವಾಗ ಯಹೂದಿಯಲ್ಲದವರಿಂದ ಹಾಲು ಕರೆಸಬಹುದು ಎಂದು ಶುಲ್ಹಾನ್ ಅರೂಖ್‌ನಲ್ಲೇ ಇದೆ (305:20). ಆದರೂ ಹೇಳಲಿ ಎಂದು ಕಾಯಬೇಡಿ. ಬೆಕ್ಕು ಉಸಿರಿಗೆ ಒದ್ದಾಡುತ್ತಿದ್ದರೆ ನೀವೇ ಡಾಕ್ಟರಿಗೆ ಫೋನ್ ಮಾಡಿ, ಟ್ಯಾಕ್ಸಿ ಕರೆಯಿರಿ. ಹಾಗೆ ಹೋಗಬೇಕಾಗಿ ಬಂದರೆ ಅಮ್ಮನ ಜೊತೆ ಯಾರಿರುತ್ತಾರೆ, ದುಡ್ಡು ಎಲ್ಲಿದೆ, ಶನಿವಾರ ತೆರೆದಿರುವ ಪ್ರಾಣಿ ಆಸ್ಪತ್ರೆ ಯಾವುದು ಎಂಬುದನ್ನು ಶುಕ್ರವಾರವೇ ಅವರ ಮಕ್ಕಳೊಡನೆ ಮಾತಾಡಿಟ್ಟುಕೊಳ್ಳಿ.