ಎಡ್ಮಂಟನ್‌ನಿಂದ ಆರ್ಕ್ಟಿಕ್ ಸಮುದ್ರದವರೆಗೆ ಆರ್‌ವಿ ಪ್ರಯಾಣ: ಮೂವತ್ತು ದಿನ ಸಾಕೇ?

ಪರ್ಕಳದ ನಿವೃತ್ತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಪರ್ಕಳದಲ್ಲಿ ನೆಲೆಸಿರುವವನು ನಾನು. ಮಗಳು ಮತ್ತು ಅಳಿಯ ಕೆನಡಾದ ಎಡ್ಮಂಟನ್‌ನಲ್ಲಿದ್ದಾರೆ. ಮುಂದಿನ ಬೇಸಿಗೆಯಲ್ಲಿ ಅಳಿಯನಿಗೆ ಮೂವತ್ತು ದಿನ ರಜೆ ಸಿಗಲಿದೆಯೆಂದು ತಿಳಿದ ಮೇಲೆ, ನಾವು ನಾಲ್ವರೂ ಸೇರಿ 25 ಅಡಿ ಉದ್ದದ ಆರ್‌ವಿಯೊಂದನ್ನು (ಅಡುಗೆ, ಮಲಗುವ ವ್ಯವಸ್ಥೆಯೆಲ್ಲ ಒಳಗೇ ಇರುವ ಮನೆಯಂಥ ವಾಹನ) ಬಾಡಿಗೆಗೆ ಹಿಡಿದು ಉತ್ತರದ ತುದಿಯವರೆಗೆ ಹೋಗಿಬರಬೇಕೆಂಬ ಆಲೋಚನೆ ಮನೆಯಲ್ಲಿ ಶುರುವಾಗಿದೆ. ಎಡ್ಮಂಟನ್‌ನಿಂದ ಡಾಸನ್ ಕ್ರೀಕ್, ಅಲ್ಲಿಂದ ಅಲಾಸ್ಕ ಹೆದ್ದಾರಿ ಹಿಡಿದು ವೈಟ್‌ಹಾರ್ಸ್, ಮುಂದೆ ಡಾಸನ್ ಸಿಟಿ, ಕೊನೆಗೆ ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಇನುವಿಕ್ ದಾಟಿ ಆರ್ಕ್ಟಿಕ್ ಸಮುದ್ರದ ದಡದಲ್ಲಿರುವ ಟುಕ್‌ಟೋಯಾಕ್‌ಟುಕ್. ಇದಿಷ್ಟು ನಮ್ಮ ಯೋಜನೆ.

ಉಡುಪಿಯಿಂದ ಬೆಂಗಳೂರಿಗೆ ಒಂದೇ ದಿನದಲ್ಲಿ ಎಷ್ಟೋ ಸಲ ಕಾರು ಓಡಿಸಿದ್ದೇನೆ, ಮಳೆಗಾಲದ ಶಿರಾಡಿ ಘಾಟಿಯ ಹೊಂಡಗಳನ್ನೂ ಕಂಡಿದ್ದೇನೆ. ಆದುದರಿಂದ ದಿನಕ್ಕೆ 400 ಕಿ.ಮೀ. ಕಷ್ಟವಾಗಲಾರದೆಂದು ನನ್ನ ಅಂದಾಜು. ಈ ಲೆಕ್ಕ ಸರಿಯೇ? ಜೂನ್ ಕೊನೆಗೆ ಹೊರಡುವುದು ಒಳ್ಳೆಯದೇ? ಅಡುಗೆಯೆಲ್ಲ ವಾಹನದಲ್ಲೇ ಆಗಬೇಕೆಂಬುದು ಮನೆಯವಳ ಷರತ್ತು. ಅನುಭವ ಇರುವವರು ದಯವಿಟ್ಟು ಬರೆಯಿರಿ.

ಕುಲಶೇಖರದವನು

ರಾಯರೇ, ನಾನು ವೈಟ್‌ಹಾರ್ಸ್‌ನಲ್ಲಿ ಎಂಟು ವರ್ಷ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ, ಈಗ ಮಂಗಳೂರಿಗೆ ಮರಳಿದ್ದೇನೆ. ನಿಮ್ಮ ದಿನಗಳ ಲೆಕ್ಕದಲ್ಲಿ ದೊಡ್ಡ ತಪ್ಪಿಲ್ಲ, ವಾಹನದ ಲೆಕ್ಕ ಮಾತ್ರ ತಪ್ಪಿದೆ.

ಎಡ್ಮಂಟನ್‌ನಿಂದ ಡಾಸನ್ ಕ್ರೀಕ್‌ಗೆ ಸುಮಾರು 590 ಕಿ.ಮೀ., ಅಲ್ಲಿಂದ ವೈಟ್‌ಹಾರ್ಸ್‌ಗೆ ಸುಮಾರು 1,420, ಡಾಸನ್ ಸಿಟಿಗೆ ಮತ್ತೆ 530. ಡಾಸನ್ ಸಿಟಿಗೆ 40 ಕಿ.ಮೀ. ಇರುವಾಗಲೇ ಬಲಕ್ಕೆ ತಿರುಗುವ ಡೆಂಪ್‌ಸ್ಟರ್ ಇನುವಿಕ್‌ವರೆಗೆ ಸುಮಾರು 740 ಕಿ.ಮೀ. ಉದ್ದವಿದೆ. 2017ರ ನವೆಂಬರಿನಲ್ಲಿ ತೆರೆದ ಹೊಸ ರಸ್ತೆ ಅಲ್ಲಿಂದ ಟುಕ್‌ಟೋಯಾಕ್‌ಟುಕ್‌ಗೆ ಇನ್ನೂ ಸುಮಾರು 140 ಕಿ.ಮೀ. ಒಟ್ಟು ಹೋಗಿಬರುವುದಕ್ಕೆ 6,900ರ ಆಸುಪಾಸು. ಆ ಗಾತ್ರದ ಆರ್‌ವಿ ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಟ್ಟರೆ ಪುಣ್ಯ, ಅಂದರೆ 1,500 ಲೀಟರ್ ಪೆಟ್ರೋಲ್. (ನಕ್ಷೆಯಲ್ಲಿ ಡಾಸನ್ ಕ್ರೀಕ್ ಮತ್ತು ಡಾಸನ್ ಸಿಟಿಗಳನ್ನು ಒಂದೇ ಊರೆಂದು ತಿಳಿದು ವಸತಿ ಕಾದಿರಿಸಿದವರನ್ನು ನಾನು ಕಂಡಿದ್ದೇನೆ. ಎರಡರ ನಡುವೆ ಹೆಚ್ಚುಕಡಿಮೆ 1,950 ಕಿ.ಮೀ. ಅಂತರವಿದೆ, ಎಚ್ಚರಿಕೆ.)

ಅಲಾಸ್ಕ ಹೆದ್ದಾರಿಯ ಬಗ್ಗೆ ಹೆದರಬೇಕಾದುದೇನೂ ಇಲ್ಲ. 1942ರಲ್ಲಿ ಅಮೆರಿಕದ ಸೇನೆ ಯುದ್ಧಕಾಲದ ಅವಸರದಲ್ಲಿ ಕೆಲವೇ ತಿಂಗಳುಗಳಲ್ಲಿ ಕಡಿದ ಆ ದಾರಿ ಈಗ ಡಾಂಬರು ಕಂಡಿದೆ. ಫೋರ್ಟ್ ನೆಲ್ಸನ್ ದಾಟಿದ ಮೇಲೆ ಸಮಿಟ್ ಲೇಕ್ ಬಳಿ ಅದು ಏರುವ ಅತಿ ಹೆಚ್ಚಿನ ಎತ್ತರ 1,295 ಮೀಟರ್ ಮಾತ್ರ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬಲ್ಲವರಿಗೆ ಅದು ಘಟ್ಟವೆಂದೇ ಅನಿಸದು. ಅಲ್ಲಿಯ ಕಷ್ಟ ಬೇರೆ ಬಗೆಯದು. ಯೂಕಾನ್ ಪ್ರಾಂತ್ಯದ ವಿಸ್ತಾರ ನಮ್ಮ ಕರ್ನಾಟಕದ ಎರಡೂವರೆ ಪಾಲು. ಅಲ್ಲಿರುವ ಜನ ಐವತ್ತು ಸಾವಿರದೊಳಗೆ, ಅವರಲ್ಲೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ವೈಟ್‌ಹಾರ್ಸ್‌ನಲ್ಲೇ ಇದ್ದಾರೆ. ನಮ್ಮ ಹೆದ್ದಾರಿ 66ರಲ್ಲಿ ಹತ್ತು ನಿಮಿಷಕ್ಕೊಂದು ಪೇಟೆ ಬರುವ ಅಭ್ಯಾಸದಲ್ಲಿ ಬೆಳೆದ ನಮಗೆ, ಎರಡು ಗಂಟೆ ಓಡಿದರೂ ಒಂದು ಅಂಗಡಿಯಾಗಲಿ, ಫೋನಿನಲ್ಲಿ ಒಂದು ಗೆರೆ ಸಿಗ್ನಲ್ ಆಗಲಿ ಕಾಣದಿರುವುದು ಮೊದಲ ದಿನ ದಿಗಿಲು ಹುಟ್ಟಿಸುತ್ತದೆ. ಟ್ಯಾಂಕ್ ಅರ್ಧಕ್ಕಿಳಿದಾಗ ಎದುರಿಗೆ ಪಂಪು ಕಂಡರೆ ದರ ನೋಡದೆ ತುಂಬಿಸಿಕೊಳ್ಳಿ.

ಇನ್ನು ಡೆಂಪ್‌ಸ್ಟರ್. ಅದು ಉದ್ದಕ್ಕೂ ಜಲ್ಲಿಯ ರಸ್ತೆ. ಅಡಿಯಲ್ಲಿ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲವಿದೆ. ಡಾಂಬರು ಹಾಕಿ ಬಿಸಿಲಿನ ಶಾಖ ಕೆಳಗಿಳಿದರೆ ಆ ನೆಲ ಕರಗಿ ರಸ್ತೆಯೇ ಕುಸಿಯುತ್ತದೆಂಬ ಕಾರಣಕ್ಕೆ ಆಳೆತ್ತರಕ್ಕೆ ಜಲ್ಲಿ ತುಂಬಿ ಅದರ ಮೇಲೆ ದಾರಿ ಮಾಡಿದ್ದಾರೆ. ತಿರುವಿನಲ್ಲಿ ಒಳಗೆ ಹೊಕ್ಕರೆ ಈಗಲ್ ಪ್ಲೇನ್ಸ್‌ವರೆಗೆ 369 ಕಿ.ಮೀ. ಪೆಟ್ರೋಲ್ ಇಲ್ಲ. ಧೂಳು ಏಳದಿರಲೆಂದು ಸುರಿಯುವ ಕ್ಯಾಲ್ಸಿಯಂ ಕ್ಲೋರೈಡ್ ಮಳೆ ಬಿದ್ದೊಡನೆ ಜಾರುವ ಕೆಸರಾಗುತ್ತದೆ. ಪೀಲ್ ಮತ್ತು ಮೆಕೆಂಜಿ ನದಿಗಳನ್ನು ಬೇಸಿಗೆಯಲ್ಲಿ ಫೆರಿಯಲ್ಲೇ ದಾಟಬೇಕು. ನೀರಿನ ಮಟ್ಟ ಏರುಪೇರಾದರೆ ಅದು ನಿಲ್ಲುವುದುಂಟು.

ಒಂದು ಜುಲೈಯಲ್ಲಿ ಗೆಳೆಯನ ಪಿಕಪ್‌ನಲ್ಲಿ ಹೋಗಿದ್ದೆ. ಸಮಯ ರಾತ್ರಿ ಎರಡು ಗಂಟೆ, ಆದರೆ ಆರ್ಕ್ಟಿಕ್ ವೃತ್ತದ ಆಚೆಗಾದುದರಿಂದ ನಮ್ಮೂರಿನ ಸಂಜೆ ಐದರ ಹಾಗೆ ಬಿಸಿಲು. ಪಟ್ ಎಂಬ ಸದ್ದೂ ಬರಲಿಲ್ಲ, ಸ್ಟೇರಿಂಗ್ ಮಾತ್ರ ಮೆಲ್ಲನೆ ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಟಯರಿನ ಪಕ್ಕೆ ಕತ್ತಿಯಲ್ಲಿ ಸೀಳಿದಂತೆ ನಾಲ್ಕು ಬೆರಳಗಲ ಬಿರಿದಿತ್ತು. ಅದನ್ನು ಸೀಳಿದ ಜಲ್ಲಿ, ಶೇಲ್ ಎಂಬ ಪದರುಗಲ್ಲನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದುದು ನಮ್ಮ ಒಡೆದ ಮಂಗಳೂರು ಹಂಚು. ಅದೇ ಚಪ್ಪಟೆ, ಅದೇ ಹರಿತವಾದ ಅಂಚು. ಸ್ಟೆಪ್ನಿ ಹಾಕಿ ಎಂಬತ್ತು ಕಿ.ಮೀ. ಹೋಗುವಷ್ಟರಲ್ಲಿ ಇನ್ನೊಂದು ಟಯರಿಗೂ ಅದೇ ಗತಿ. ನಮ್ಮಲ್ಲಿ ಎರಡು ಸ್ಟೆಪ್ನಿಗಳಿದ್ದುದರಿಂದ ಊರು ಸೇರಿದೆವು.

ಬಾಡಿಗೆಯ ಆರ್‌ವಿಗಳಲ್ಲಿ ಎಷ್ಟೋ ಸಲ ಒಂದು ಸ್ಟೆಪ್ನಿಯೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಡೆಂಪ್‌ಸ್ಟರ್‌ಗೆ ಒಯ್ಯಬಾರದೆಂಬ ಷರತ್ತು ಹೆಚ್ಚಿನ ಕರಾರುಪತ್ರಗಳಲ್ಲಿರುತ್ತದೆ. ಮೀರಿ ಹೋಗಿ ನಡುದಾರಿಯಲ್ಲಿ ಕೆಟ್ಟರೆ ವಿಮೆಯೂ ಇಲ್ಲ, ಎಳೆದು ತರುವ ಖರ್ಚೂ ನಿಮ್ಮದೇ. ಆದ್ದರಿಂದ ಆರ್‌ವಿಯನ್ನು ಡಾಸನ್ ಸಿಟಿಗೇ ನಿಲ್ಲಿಸಿಬಿಡಿ. ಸಮುದ್ರ ಮುಟ್ಟಲೇಬೇಕೆಂದಿದ್ದರೆ ವೈಟ್‌ಹಾರ್ಸ್‌ನಲ್ಲಿ ಆ ರಸ್ತೆಗೆಂದೇ ಟ್ರಕ್ ಬಾಡಿಗೆಗೆ ಕೊಡುವವರಿದ್ದಾರೆ. ವಿಮಾನದಲ್ಲಿ ಇನುವಿಕ್‌ಗೆ ಹೋಗುವ ದಾರಿಯೂ ಉಂಟು.

ಬ್ರಹ್ಮಾವರದ ಗೃಹಿಣಿ

ಮೇಲಿನವರು ರಸ್ತೆಯ ವಿಚಾರವನ್ನೆಲ್ಲ ಬರೆದಿರುವುದರಿಂದ ನಾನು ವಾಹನದ ಒಳಗಿನ ಸಂಸಾರದ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಷರತ್ತು ಹಾಕಿದವರು ನಿಮ್ಮ ಮನೆಯವರು. ತಮ್ಮನ ಕುಟುಂಬದ ಜೊತೆ ವಾಟ್ಸನ್ ಲೇಕ್‌ವರೆಗೆ ಹದಿನಾರು ದಿನ ಆರ್‌ವಿಯಲ್ಲಿ ಅಡುಗೆ ಮಾಡಿದವಳು ನಾನು.

ಮೊದಲನೆಯದಾಗಿ, ಮಿಕ್ಸಿಯನ್ನು ಊರಿನಿಂದ ಒಯ್ಯಬೇಡಿ. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮ ಮಿಕ್ಸಿ 230ರದ್ದು, ಅದು ಸರಿಯಾಗಿ ತಿರುಗದು. ಸರ್ಕಾರಿ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟಿನ ಸಂಪರ್ಕವೇ ಇರುವುದಿಲ್ಲವಾದ್ದರಿಂದ ಅರೆಯುವ ಅಡುಗೆಯನ್ನು ಮರೆತು, ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮನೆಯಲ್ಲೇ ಮಾಡಿಕೊಂಡು ಹೋಗುವುದು ಲೇಸು. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತಿಂಡಿಪದಾರ್ಥ ಏನಿದೆಯೋ ಎಲ್ಲವನ್ನೂ ಹೇಳಿಬಿಡಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಕುಚ್ಚಲಕ್ಕಿ ಬೇಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತು, ಆದರೆ ಅಲ್ಲಿ ಒಲೆ, ನೀರು ಕಾಯಿಸುವುದು, ರಾತ್ರಿ ಚಳಿಗೆ ಹೀಟರ್ ಎಲ್ಲವೂ ಒಂದೇ ಪ್ರೊಪೇನ್ ಸಿಲಿಂಡರಿನಿಂದ ನಡೆಯಬೇಕು. ನಾವು ಬೆಳಿಗ್ಗೆ ಹೊರಡುವಾಗ ಅಕ್ಕಿ ನೆನೆಹಾಕಿ, ಸಂಜೆ ಕುಕ್ಕರಿನಲ್ಲಿ ಬೇಯಿಸುತ್ತಿದ್ದೆವು. ತೆಂಗಿನೆಣ್ಣೆ ಮೊದಲ ರಾತ್ರಿಯೇ ಬಾಟಲಿಯಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿ ಕುಳಿತು, ಬಾಯಿ ಸಣ್ಣದಾಗಿದ್ದ ಆ ಬಾಟಲಿಯಿಂದ ಅದನ್ನು ತೆಗೆಯುವುದಕ್ಕೆ ಚಮಚದ ಹಿಡಿಕೆ ಹಾಕಿ ಕೆದಕಬೇಕಾಯಿತು. ಅಗಲ ಬಾಯಿಯ ಡಬ್ಬಿಯಲ್ಲಿ ತುಂಬಿಕೊಳ್ಳಿ.

ನೀರಿನ ವಿಷಯದಲ್ಲಿ ನಾವು ಕರಾವಳಿಯವರು ಧಾರಾಳಿಗಳು. ಬಾವಿ ಇದೆ, ಬಚ್ಚಲಿನಲ್ಲಿ ಹಂಡೆ ತುಂಬ ಬಿಸಿನೀರಿದೆ. ಆರ್‌ವಿಯ ಬಿಸಿನೀರಿನ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಇರುವುದು 23 ಲೀಟರ್. ನಮ್ಮ ಲೆಕ್ಕದಲ್ಲಿ ಒಂದೂವರೆ ಕೊಡ. ಮೈ ಒದ್ದೆ ಮಾಡಿ, ನೀರು ನಿಲ್ಲಿಸಿ, ಸೋಪು ಹಾಕಿ, ಮತ್ತೆ ತೆರೆಯುವ ಅಭ್ಯಾಸವನ್ನು ಹೊರಡುವ ಮೊದಲೇ ಮನೆಯಲ್ಲಿ ಮಾಡಿಕೊಳ್ಳುವುದು ಒಳ್ಳೆಯದು. ಬಳಸಿದ ನೀರು ಒಂದು ಟ್ಯಾಂಕಿಗೆ, ಶೌಚದ್ದು ಇನ್ನೊಂದಕ್ಕೆ ಹೋಗುತ್ತದೆ. ಎರಡನ್ನೂ ಡಂಪ್ ಸ್ಟೇಷನ್‌ನಲ್ಲೇ ಖಾಲಿ ಮಾಡಬೇಕು. ಶೌಚದ ಟ್ಯಾಂಕನ್ನು ಮೊದಲು ಬಿಟ್ಟು, ಆಮೇಲೆ ಸೋಪುನೀರಿನದ್ದನ್ನು ಬಿಟ್ಟರೆ ಕೊಳವೆ ತಾನಾಗಿ ತೊಳೆದುಹೋಗುತ್ತದೆ. ನನ್ನ ತಮ್ಮ ಮೊದಲ ಸಲ ಇದನ್ನು ತಿರುವುಮುರುವು ಮಾಡಿದ. ಮುಂದೆ ಆದುದನ್ನು ಇಲ್ಲಿ ಬರೆಯಲಾರೆ.

ಒಣಮೀನಿನ ಆಸೆಯನ್ನು ಮಾತ್ರ ಬಿಟ್ಟುಬಿಡಿ ಮಾರಾಯ್ರೇ. ಅದು ಕರಡಿಗಳ ಸೀಮೆ. ಊಟದ ಪಾತ್ರೆ, ಕಸದ ಚೀಲ, ಟೂತ್‌ಪೇಸ್ಟ್ ಸಹಿತ ವಾಸನೆ ಬರುವ ಯಾವುದನ್ನೂ ಹೊರಗಿಡಬಾರದು, ಪಾತ್ರೆ ತೊಳೆದ ನೀರನ್ನು ವಾಹನದ ಪಕ್ಕದಲ್ಲಿ ಚೆಲ್ಲಬಾರದು. ಲಿಯಾರ್ಡ್ ನದಿಯ ಬಿಸಿನೀರ ಬುಗ್ಗೆಯ ಆಸುಪಾಸಿನಲ್ಲಿ ಕಾಡೆಮ್ಮೆಯಂಥ ಬೈಸನ್‌ಗಳು ರಸ್ತೆಯಲ್ಲೇ ನಿಂತಿರುತ್ತವೆ. ಹಾರ್ನ್ ಹೊಡೆದರೆ ಸರಿಯುವ ನಮ್ಮೂರ ದನಗಳಲ್ಲ ಅವು, ಸುಮ್ಮನೆ ಕಾಯಬೇಕು.

ಜೂನ್ ಕೊನೆಗೆ ಹೋಗುವುದಾದರೆ ಸೊಳ್ಳೆಯ ಕಾಟಕ್ಕೂ ಕತ್ತಲಾಗದ ರಾತ್ರಿಗೂ ಸಿದ್ಧರಾಗಿ. ನನ್ನನ್ನು ಕೇಳಿದರೆ ಆಗಸ್ಟ್ ಎರಡನೇ ವಾರ ಹೊರಡುವುದು ಮೇಲು. ಸೊಳ್ಳೆ ಇಳಿದಿರುತ್ತದೆ, ತಿಂಗಳ ಕೊನೆಗೆ ಉತ್ತರದಲ್ಲಿ ಎಲೆಗಳ ಬಣ್ಣ ತಿರುಗುತ್ತದೆ, ರಾತ್ರಿ ಕತ್ತಲಾಗುವುದರಿಂದ ಅದೃಷ್ಟವಿದ್ದರೆ ಆಕಾಶದಲ್ಲಿ ಅರೋರಾದ ಬೆಳಕೂ ಕಾಣಬಹುದು. ಚಳಿಗೆ ಸ್ವೆಟರ್ ಹಾಕಿದರಾಯಿತು.

ಸುರತ್ಕಲ್ ಕಡಲತಡಿ

ಕಾಗದಪತ್ರಗಳ ಬಗ್ಗೆ ನಾಲ್ಕು ಮಾತು. ನೀವೂ ಓಡಿಸುವುದಾದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಯ ಆರ್‌ಟಿಒದಲ್ಲಿ 4ಎ ನಮೂನೆ ತುಂಬಿಸಿ ಪಡೆಯಿರಿ. ಅದರ ಅವಧಿ ಒಂದೇ ವರ್ಷವಾದುದರಿಂದ ತೀರಾ ಮುಂಚಿತವಾಗಿ ಮಾಡಿಸಬೇಡಿ. ಅಲ್ಲಿ ಬಲಬದಿಯ ಸಂಚಾರ. ಮೊದಲ ದಿನದ ಪೇಟೆಯ ಭಾಗವನ್ನು ಅಳಿಯನಿಗೇ ಬಿಡುವುದು ಕ್ಷೇಮ. ಹೆಸರು ಅಲಾಸ್ಕ ಹೆದ್ದಾರಿಯಾದರೂ ಡಾಸನ್ ಕ್ರೀಕ್‌ನಿಂದ ವೈಟ್‌ಹಾರ್ಸ್‌ವರೆಗಿನ ದಾರಿಯೆಲ್ಲ ಕೆನಡಾದ ಒಳಗೇ ಇರುವುದರಿಂದ ಅಮೆರಿಕದ ವೀಸಾ ಬೇಕಿಲ್ಲ. ಬೀವರ್ ಕ್ರೀಕ್ ದಾಟಿ ಅಲಾಸ್ಕಕ್ಕೆ ಕಾಲಿಡುವ ಆಲೋಚನೆ ಬಂದರೆ ಮಾತ್ರ ಬೇಕು, ಅದಕ್ಕೆ ಇಲ್ಲಿಂದಲೇ ಸಿದ್ಧತೆಯಾಗಬೇಕು.

ಫೋನ್ ಸಿಗದ ದಾರಿಯಲ್ಲಿ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನ ಅಗತ್ಯ. ಅದನ್ನು ಅಲ್ಲಿಯೇ ಬಾಡಿಗೆಗೆ ಪಡೆದು ಅಲ್ಲಿಯೇ ಹಿಂದಿರುಗಿಸಿ. ಅನುಮತಿಯಿಲ್ಲದೆ ಇಂಥ ಸಾಧನವನ್ನು ಭಾರತದೊಳಗೆ ತರುವುದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರನ್ನು ತಡೆದ ಪ್ರಕರಣಗಳಿವೆ. ಮಗಳು ಪ್ರೀತಿಯಿಂದ ಕೊಟ್ಟಳೆಂದು ಚೀಲದಲ್ಲಿಟ್ಟುಕೊಂಡು ಬರಬೇಡಿ. ಕರಡಿ ಓಡಿಸುವ ಸ್ಪ್ರೇ ಕೂಡ ವಿಮಾನದಲ್ಲಿ ನಿಷಿದ್ಧ.

ಕಾಡ್ಗಿಚ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2024ರ ಮೇ ತಿಂಗಳಲ್ಲಿ ಫೋರ್ಟ್ ನೆಲ್ಸನ್ ಊರನ್ನೇ ತೆರವು ಮಾಡಿಸಿದ್ದರು. ಆ ಭಾಗದಲ್ಲಿ ಹೆದ್ದಾರಿ ಮುಚ್ಚಿದರೆ ಸುತ್ತುಬಳಸಿನ ದಾರಿ ನೂರಾರು ಕಿ.ಮೀ. ಆಗುತ್ತದೆ. ಹಾಗಾಗಿ ಊರಿಗೆ ಮರಳುವ ವಿಮಾನದ ಟಿಕೆಟನ್ನು ಆರ್‌ವಿ ಒಪ್ಪಿಸುವ ಮರುದಿನಕ್ಕೇ ಮಾಡಿಸಬಾರದು.

ಪರ್ಕಳದ ನಿವೃತ್ತ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಮಗಳೊಂದಿಗೆ ಮಾತನಾಡಿದೆವು. ಅಳಿಯ ಕರಾರುಪತ್ರದ ನಕಲನ್ನು ತರಿಸಿ ನೋಡಿದಾಗ, ಡೆಂಪ್‌ಸ್ಟರ್‌ನ ಹೆಸರನ್ನು ಹೇಳಿಯೇ ನಿಷೇಧಿಸಿದ್ದು ಹದಿನೇಳನೇ ಪುಟದಲ್ಲಿ ಸಿಕ್ಕಿತು. ಬಾಡಿಗೆ ಮಾತನಾಡುವಾಗ ಆ ಸಂಸ್ಥೆಯವರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಈಗ ಆಗಸ್ಟ್ 10ಕ್ಕೆ ಹೊರಟು ಡಾಸನ್ ಸಿಟಿಯವರೆಗೆ ಆರ್‌ವಿ, ಮರಳುವಾಗ ಅದನ್ನು ವೈಟ್‌ಹಾರ್ಸ್‌ನ ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿ ಇನುವಿಕ್‌ಗೆ ವಿಮಾನ, ಅಲ್ಲಿಂದ ಸ್ಥಳೀಯರ ವ್ಯಾನಿನಲ್ಲಿ ಸಮುದ್ರ ಎಂದು ನಿರ್ಧರಿಸಿದ್ದೇವೆ. ದಿನಕ್ಕೆ 300 ಕಿ.ಮೀ. ಮೀರುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ವಾಟ್ಸನ್ ಲೇಕ್‌ನಲ್ಲಿ ಊರುಗಳ ನಾಮಫಲಕಗಳ ಕಾಡೊಂದಿದೆ ಎಂದು ಮಗಳು ಹೇಳುತ್ತಾಳೆ. ಅಲ್ಲಿ ನಮ್ಮ ಊರಿನ ಫಲಕವನ್ನೂ ಹಾಕಲು ಬಿಡುತ್ತಾರೆಯೇ?

ಕುಲಶೇಖರದವನು

ಧಾರಾಳವಾಗಿ ಬಿಡುತ್ತಾರೆ. 1942ರಲ್ಲಿ ಹೆದ್ದಾರಿಯ ಕೆಲಸಕ್ಕೆ ಬಂದಿದ್ದ ಕಾರ್ಲ್ ಲಿಂಡ್ಲಿ ಎಂಬ ಅಮೆರಿಕದ ಸೈನಿಕ, ಮನೆಯ ನೆನಪು ಕಾಡಿ ತನ್ನೂರಿನ ಹೆಸರಿನ ಹಲಗೆಯೊಂದನ್ನು ಅಲ್ಲಿ ನೆಟ್ಟದ್ದೇ ಮೊದಲು. ಈಗ ಅವು ಎಂಬತ್ತು ಸಾವಿರ ಮೀರಿವೆ. ಪರ್ಕಳದಲ್ಲೇ ತಗಡಿನ ಮೇಲೆ ಕನ್ನಡದಲ್ಲಿ ಬರೆಸಿ, ನಾಲ್ಕು ಮೂಲೆಗೂ ತೂತು ಕೊರೆಸಿಕೊಂಡು ಬನ್ನಿ. ಉದ್ದ ಎರಡು ಅಡಿ ಮೀರದಿದ್ದರೆ ಸೂಟ್‌ಕೇಸಿನ ತಳದಲ್ಲಿ ಮಲಗುತ್ತದೆ. ಮೊಳೆ ಮತ್ತು ಸುತ್ತಿಗೆ ವಾಟ್ಸನ್ ಲೇಕ್‌ನಲ್ಲೇ ಸಿಗುತ್ತವೆ. ಊರಿಗೆ ವಿಡಿಯೋ ಕರೆ ಮಾಡುವುದಿದ್ದರೆ, ಯೂಕಾನ್‌ನವರು 2020ರಿಂದ ಗಡಿಯಾರ ಹಿಂದೆಮುಂದೆ ಮಾಡುವುದನ್ನು ನಿಲ್ಲಿಸಿದ್ದಾರೆ. ವರ್ಷವಿಡೀ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಏಳಕ್ಕೆ ಫಲಕ ಹೊಡೆದರೆ ಇಲ್ಲಿ ಸಂಜೆ ಏಳೂವರೆ, ಮನೆಮಂದಿಯೆಲ್ಲ ಎದ್ದಿರುತ್ತಾರೆ.